ಮನೆಯ ಹತ್ತಿರದ ಕಾಲೇಜೋ, ದೂರದ ಕಾಲೇಜೋ?

ಯುಗಾದಿಯ ಬೇವುಬೆಲ್ಲ ಹಂಚಿದ ಕೆಲವೇ ದಿನಗಳಲ್ಲಿ ನಮ್ಮ ಡುಲುತ್, ಸುವಾನಿ, ಜಾನ್ಸ್ ಕ್ರೀಕ್ ಕಡೆಯ ಮನೆಗಳಲ್ಲಿ ಇನ್ನೊಂದು ಬಗೆಯ ಬೇವುಬೆಲ್ಲ ಆರಂಭವಾಗುತ್ತದೆ. ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳಿಗೆ ಕಾಲೇಜುಗಳಿಂದ ಉತ್ತರ ಬಂದಿರುತ್ತದೆ. ಸಾಮಾನ್ಯವಾಗಿ ಮೇ 1ರೊಳಗೆ ಒಂದನ್ನು ಆರಿಸಿ ಮುಂಗಡ ಕಟ್ಟಬೇಕು. ಜಾರ್ಜಿಯಾದ ಕಾಲೇಜೇ ಸಾಕೆ, ದೂರದ ದೊಡ್ಡ ಹೆಸರಿನ ಕಡೆಗೆ ಹೋಗಬೇಕೆ? ಹಬ್ಬದೂಟದ ಸಾಲಿನಲ್ಲಿ ಈ ಮಾತು ಬಾರದ ವರ್ಷವಿಲ್ಲ.

ನಮ್ಮಲ್ಲಿ ಹಲವರು ಊರಿನಲ್ಲಿ ಇಂಥದ್ದೇ ಲೆಕ್ಕ ಹಾಕಿದವರು. 1994ರಲ್ಲಿ ಕರ್ನಾಟಕದಲ್ಲಿ ಸಿ.ಇ.ಟಿ. ಬಂದಾಗ ‘ಫ್ರೀ ಸೀಟು’, ‘ಪೇಮೆಂಟ್ ಸೀಟು’ ಎಂಬ ಮಾತುಗಳು ಮನೆಮನೆಯಲ್ಲೂ ಕೇಳುತ್ತಿದ್ದವು. ಬೆಂಗಳೂರಿನ ಯು.ವಿ.ಸಿ.ಇ.ಯಲ್ಲೋ ಸುರತ್ಕಲ್ಲಿನಲ್ಲೋ ಕಡಿಮೆ ಫೀಸಿನ ಸೀಟು ಸಿಕ್ಕಿದರೆ ಬೀದಿಗೆಲ್ಲ ಸಿಹಿ. ಅಲ್ಲಿ ಅಗ್ಗದ ಸೀಟೇ ಮರ್ಯಾದೆಯ ಸೀಟು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಇದು ತಿರುಗುಮುರುಗು: ಹೆಚ್ಚು ಬೆಲೆಯಿದ್ದರೆ ಹೆಚ್ಚು ಒಳ್ಳೆಯದು. ನಮ್ಮ ಹಿರಿಯರೂ ಕೆಲವರು ಇಲ್ಲಿಗೆ ಬಂದ ಮೇಲೆ ಹಾಗೆಯೇ ನಂಬತೊಡಗಿದ್ದಾರೆ!

ಜಾರ್ಜಿಯಾದಲ್ಲಿ ಈ ಲೆಕ್ಕವನ್ನು ಬದಲಿಸಿದ್ದು ಹೋಪ್ ಸ್ಕಾಲರ್‌ಷಿಪ್. ಗವರ್ನರ್ ಜೆಲ್ ಮಿಲ್ಲರ್ ಅವರ ಕಾಲದಲ್ಲಿ, 1993ರಲ್ಲಿ, ರಾಜ್ಯದ ಲಾಟರಿಯ ಹಣದಿಂದ ಇದು ಪ್ರಾರಂಭವಾಯಿತು. ಜನ್ಮದಲ್ಲಿ ಲಾಟರಿ ಟಿಕೆಟು ಮುಟ್ಟದ ನಮ್ಮವರಿಗೆ ಹೀಗೊಂದು ಲಾಟರಿ. ಮೊದಲು 66 ಸಾವಿರ ಡಾಲರಿನ ಆದಾಯಮಿತಿಯಿತ್ತು. 1995ರಲ್ಲಿ ಮಿತಿಯೇ ಹೋಯಿತು. ಹೈಸ್ಕೂಲಿನಲ್ಲಿ 3.0 ಸರಾಸರಿ ಬೇಕು. 3.7 ಸರಾಸರಿ, ಜೊತೆಗೆ ಎಸ್.ಎ.ಟಿ.ಯಲ್ಲಿ 1200 ಇದ್ದವರಿಗೆ 2011ರಲ್ಲಿ ಬಂದ ಜೆಲ್ ಮಿಲ್ಲರ್ ಸ್ಕಾಲರ್‌ಷಿಪ್. 2023ರಿಂದ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಹೋಪ್ ಕೂಡ ಪೂರ್ತಿ ಟ್ಯೂಷನ್ ಕಟ್ಟುತ್ತದೆ.

ಆದರೆ ಟ್ಯೂಷನ್ ಎಂದರೆ ಎಲ್ಲ ಖರ್ಚೂ ಅಲ್ಲ. ರೂಮು, ಊಟ, ಪುಸ್ತಕ, ಇತರ ಶುಲ್ಕಗಳು ನಮ್ಮ ಕೈಯಿಂದಲೇ. ಕಾಲೇಜಿನಲ್ಲೂ ಹೋಪ್‌ಗೆ 3.0, ಜೆಲ್‌ಗೆ 3.3 ಉಳಿಸಿಕೊಳ್ಳಬೇಕು. ಜಾರ್ಜಿಯಾ ಟೆಕ್‌ನ ಮೊದಲ ವರ್ಷದ ಗಣಿತ, ಭೌತಶಾಸ್ತ್ರದ ಮುಂದೆ ಇದು ಸುಲಭದ ಮಾತಲ್ಲ.

ಎಚ್-4 ವೀಸಾದ ಮಕ್ಕಳಿಗೆ ಹೋಪೂ ಇಲ್ಲ, ಜೆಲ್ಲೂ ಇಲ್ಲ, ಫೆಡರಲ್ ಸಾಲವೂ ಇಲ್ಲ. ಎರಡನೇ ಕ್ಲಾಸಿಗೆ ಬಂದು ಇಲ್ಲೇ ಓದಿದ ಮಗು, ಗ್ರೀನ್ ಕಾರ್ಡಿನ ಸರದಿ ಬಾರದ ಒಂದೇ ಕಾರಣಕ್ಕೆ, ಪಕ್ಕದ ಮನೆಯ ಗೆಳತಿಗೆ ಸಿಕ್ಕಿದ್ದನ್ನು ನೋಡುತ್ತ ಕೂರಬೇಕು. 21 ತುಂಬಿದರೆ ಎಚ್-4 ಕೂಡ ಮುಗಿಯುತ್ತದೆ. ಇಂಥ ಕುಟುಂಬಗಳು ‘ಜಾರ್ಜಿಯಾದಲ್ಲೇ ಅಗ್ಗ’ ಎಂಬ ಮಾತನ್ನು ನಂಬಿ ಕೂರದೆ, ರಾಜ್ಯದ ನಿವಾಸಿಯ ದರ ಸಿಗುವುದೇ ಎಂದು ಕಾಲೇಜಿನಲ್ಲಿ ಮೊದಲೇ ವಿಚಾರಿಸಬೇಕು. ಕೆಲವು ಖಾಸಗಿ ಕಾಲೇಜುಗಳು ಸ್ವಂತ ನಿಧಿಯಿಂದ ಕೊಡುವ ಸ್ಕಾಲರ್‌ಷಿಪ್‌ಗೆ ವೀಸಾ ಅಡ್ಡಿಯಾಗುವುದಿಲ್ಲ. ಇವರ ಪಾಲಿಗೆ ಹೊರ ರಾಜ್ಯವೇ ಅಗ್ಗವಾಗುವುದೂ ಉಂಟು.

ಉಳಿದವರಿಗೆ? ದುಬಾರಿ ಖಾಸಗಿ ವಿಶ್ವವಿದ್ಯಾನಿಲಯಗಳಲ್ಲಿ ಎಲ್ಲ ಸೇರಿ ವರ್ಷದ ಖರ್ಚು 80 ಸಾವಿರ ಡಾಲರು ದಾಟಿದೆ. ನಾಲ್ಕು ವರ್ಷಕ್ಕೆ ಮೂರು ಲಕ್ಷದ ಮೇಲೆ. ತಂದೆತಾಯಿಯನ್ನು ಅವಲಂಬಿಸಿದ ವಿದ್ಯಾರ್ಥಿಗೆ ಸಾಮಾನ್ಯವಾಗಿ ಸಿಗುವ ಫೆಡರಲ್ ಸಾಲ ಪದವಿ ಮುಗಿಯುವ ತನಕ ಒಟ್ಟು 31 ಸಾವಿರ. 2025ರ ಕಾನೂನು ತಂದೆತಾಯಿಯರ ಪ್ಲಸ್ ಸಾಲಕ್ಕೂ ಮಿತಿ ಹಾಕಿತು: 2026ರ ಜುಲೈ 1ರಿಂದ ಹೊಸದಾಗಿ ತೆಗೆಯುವವರಿಗೆ ಒಬ್ಬ ಮಗುವಿಗೆ ವರ್ಷಕ್ಕೆ 20 ಸಾವಿರ, ಒಟ್ಟು 65 ಸಾವಿರ. ಮಿಕ್ಕದ್ದಕ್ಕೆ ಖಾಸಗಿ ಬ್ಯಾಂಕು, ಇಲ್ಲವೇ ನಮ್ಮ ನಿವೃತ್ತಿಯ ಉಳಿತಾಯ. ಎಂಜಿನಿಯರಿಂಗ್ ಓದುವ ಮಗುವಿಗೆ ಟೆಕ್‌ನಲ್ಲಿ ಸೀಟು ಸಿಕ್ಕಿರುವಾಗ ಇಷ್ಟು ಸಾಲ ಮಾಡಿ ದೂರ ಕಳಿಸಲು ನಮಗಂತೂ ಕಾರಣ ಕಾಣದು.

ಹೊರ ರಾಜ್ಯವೆಲ್ಲ ದುಬಾರಿಯೆಂದೂ ಅಲ್ಲ. ಅಲಬಾಮಾ ವಿಶ್ವವಿದ್ಯಾನಿಲಯ ಹೊರಗಿನ ಮಕ್ಕಳಿಗೂ ಅಂಕ ನೋಡಿ ದೊಡ್ಡ ರಿಯಾಯಿತಿ ಕೊಡುತ್ತದೆ. ಜಾರ್ಜಿಯಾದಲ್ಲಿಲ್ಲದ ಕೆಲವು ವಿಷಯಗಳನ್ನು ದಕ್ಷಿಣದ ಬೇರೆ ಕೆಲವು ರಾಜ್ಯಗಳಲ್ಲಿ ಅಲ್ಲಿಯವರದೇ ದರದಲ್ಲಿ ಓದಲು ಅಕಾಡೆಮಿಕ್ ಕಾಮನ್ ಮಾರ್ಕೆಟ್ ಎಂಬ ಏರ್ಪಾಡೂ ಇದೆ.

ಇನ್ನು ಮಕ್ಕಳ ದೂರು: “ಅಮ್ಮಾ, ಯು.ಜಿ.ಎ.ಗೆ ಹೋದರೆ ಅದು ಹದಿಮೂರನೇ ಕ್ಲಾಸು, ನಮ್ಮ ಸ್ಕೂಲಿನವರೇ ಎಲ್ಲ.” ಇದನ್ನು ನಕ್ಕು ತಳ್ಳುವುದು ಬೇಡ. ಊರು ಬಿಟ್ಟು ಏಳು ಸಮುದ್ರ ದಾಟಿ ಬಂದ ನಾವು ಮನೆ ಬಿಡುವ ಆಸೆಯನ್ನು ತಪ್ಪೆನ್ನಲಾಗದು. ಆದರೆ ಅಥೆನ್ಸಿನಲ್ಲಿ 40 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ಹಳೆಯ ಮುಖಗಳನ್ನು ಹುಡುಕಿದರೂ ಸಿಗಲಿಕ್ಕಿಲ್ಲ.

ನಮ್ಮ ಕೋರಿಕೆ ಒಂದೇ. ಮನೆಯಿಂದ ಕೊಡಲಾಗುವ ಮೊತ್ತವನ್ನು ಮಕ್ಕಳಿಗೆ ಅರ್ಜಿ ಹಾಕುವ ಮುಂಚಿನ ಬೇಸಿಗೆಯಲ್ಲೇ ಹೇಳಿಬಿಡಿ. ‘ಓದು, ದುಡ್ಡಿನ ಚಿಂತೆ ನಮಗಿರಲಿ’ ಎಂದು ವರ್ಷವಿಡೀ ಹೇಳಿ, ಸೀಟು ಸಿಕ್ಕ ಮೇಲೆ ಏಪ್ರಿಲ್‌ನಲ್ಲಿ ಕೈಚೆಲ್ಲಿದರೆ ಆ ಮಗು ಏನು ಮಾಡೀತು? ನೆರವು ಹೆಚ್ಚಿಸುವಂತೆ ಕಾಲೇಜಿಗೆ ಪತ್ರ ಬರೆಯುವವರು ಬೇರೆ ಕಾಲೇಜಿನ ನೆರವಿನ ಪತ್ರದ ಪ್ರತಿಯನ್ನೂ ಲಗತ್ತಿಸಿ, ಮುಂಗಡ ಕಟ್ಟುವ ಮೊದಲೇ ಕಳಿಸತಕ್ಕದ್ದು.