ನೀರಿಲ್ಲದ ನಡುಗಡ್ಡೆ

ಕಳೆದ ಸೆಪ್ಟೆಂಬರಿನ ಮೊದಲ ರವಿವಾರ ಹಿಂಜವಾಡಿಯ ನಾಲ್ಕು ಕನ್ನಡ ಸಂಸಾರಗಳು ಕೂಡಿ, ಒಂದು ಬಾಡಿಗೆ ಮೋಟಾರು ಮಾಡಿಕೊಂಡು ಸಾತಾರೆಯ ಮೇಲಣ ಕಾಸ್ ಪ್ರಸ್ಥಭೂಮಿಗೆ ಹೂ ನೋಡಲು ಹೋಗಿದ್ದೆವು. ಬುತ್ತಿಗೆ ಚಪಾತಿ, ಶೇಂಗಾ ಚಟ್ನಿ, ಮೊಸರನ್ನ. ಎಂಟು ಮಕ್ಕಳ ಗದ್ದಲ ಬೇರೆ. ಸಾತಾರೆಯಿಂದ ಇಪ್ಪತ್ತೈದು ಕಿಲೋಮೀಟರು ಘಟ್ಟ ಹತ್ತಿದರೆ ಸುಮಾರು 1,200 ಮೀಟರು ಎತ್ತರದಲ್ಲಿ, ಮಂಜು ಮುಸುಕಿದ ಬಂಡೆಯ ಬಯಲು. ಅದರ ತುಂಬ ಹಳದಿ, ನೀಲಿ, ಬಿಳಿ ಹೂಗಳ ರಂಗವಲ್ಲಿ. 2012ರಲ್ಲಿ ಪಶ್ಚಿಮ ಘಟ್ಟಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಇದೂ ಅದರೊಡನೆ ಸೇರಿತು.

ಬಂಡೆಯ ಮೇಲೆ ನಿಂತ ಮಳೆನೀರಿನ ಹೊಂಡವೊಂದರಲ್ಲಿ ನಸುಗೆಂಪು ತೆನೆಗಳು ತಲೆಯೆತ್ತಿದ್ದವು. ಪ್ರತಿಯೊಂದು ತೆನೆಯೂ ಇಂಗ್ಲಿಷಿನ ‘ವೈ’ ಅಕ್ಷರದಂತೆ ಕವಲೊಡೆದಿತ್ತು. ಮರಾಠಿಯಲ್ಲಿ ಅದಕ್ಕೆ ವಾಯ್‌ತುರಾ ಎನ್ನುತ್ತಾರಂತೆ. ಶಾಸ್ತ್ರಜ್ಞರು ಸಾತಾರೆಯ ಹೆಸರನ್ನೇ ಕೊಟ್ಟು ಅಪೊನೊಜೆಟನ್ ಸಾತಾರೆನ್ಸಿಸ್ ಎಂದಿದ್ದಾರೆ. “ಸಹ್ಯಾದ್ರಿಯ ಇಂಥ ಕೆಲವೇ ಬಂಡೆನೆತ್ತಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಬೆಳೆಯುವುದಿಲ್ಲ” ಎಂದು ದಾರಿ ತೋರಿಸುವವನು ಹೇಳಿದ.

ನಾಲ್ಕನೆಯ ಇಯತ್ತೆಯ ನನ್ನ ಮಗಳು ಸುಮ್ಮನಿರುವಳೆ? “ಇಲ್ಲೇ ಯಾಕೆ, ಅಪ್ಪಾ? ಕೆಳಗೆ ಯಾಕಿಲ್ಲ?” ಎಂದಳು. ಹದಿಮೂರು ವರ್ಷ ಕಡತಗಳ ನಡುವೆ ಬಾಳಿದವನು ನಾನು. “ವಿಷಯ ಪರಿಶೀಲನೆಯಲ್ಲಿದೆ” ಎಂದು ಜಾರಿಕೊಂಡೆ. ಬಿ.ಎ.ಯಲ್ಲಿ ನಾನು ಓದಿದ್ದು ಇತಿಹಾಸ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಜವಾದ ದ್ವೀಪವೊಂದನ್ನು ನೋಡೋಣ. ದಾಂಡೇಲಿಯ ಕಡೆಯವರಿಗೆ ಮಂಗಟ್ಟೆ ಹಕ್ಕಿಯನ್ನು ಪರಿಚಯಿಸಬೇಕಾಗಿಲ್ಲ. ಅಂಡಮಾನಿನ ಪೂರ್ವಕ್ಕೆ ನೂರಕ್ಕೂ ಮಿಕ್ಕ ಕಿಲೋಮೀಟರು ದೂರದ ಸಮುದ್ರದಲ್ಲಿ ನಾರ್ಕಂಡಮ್ ಎಂಬ ದ್ವೀಪವಿದೆ. ಅದು ಒಂದು ಜ್ವಾಲಾಮುಖಿಯ ಶಿಖರ. ವಿಸ್ತಾರ ಸುಮಾರು ಏಳು ಚದರ ಕಿಲೋಮೀಟರು. ಅಲ್ಲೊಂದು ಜಾತಿಯ ಮಂಗಟ್ಟೆ ಇದೆ. ಅದು ಅಲ್ಲಿ ಮಾತ್ರವೇ ಇದೆ! ಅಂಡಮಾನಿನ ದೊಡ್ಡ ದ್ವೀಪಗಳಲ್ಲಿ ಮಂಗಟ್ಟೆಯ ಸುಳಿವೇ ಇಲ್ಲ. ಅದರ ನೆಂಟರಿರುವುದು ಬರ್ಮಾದ ಕಡೆಯ ಕಾಡುಗಳಲ್ಲಿ.

ಎಂದೋ ಒಂದು ಕಾಲದಲ್ಲಿ ಅದರ ಪೂರ್ವಜರು ಕೆಲವರು ಆ ದ್ವೀಪಕ್ಕೆ ಬಂದು ಸೇರಿದರು. ಹಿಂದಿರುಗಿ ಹೋಗುವವರಿಲ್ಲ, ಹೊಸದಾಗಿ ಬರುವವರೂ ಇಲ್ಲ. ಮದುವೆ ಮುಂಜಿ ಎಲ್ಲ ತಮ್ಮತಮ್ಮಲ್ಲೇ. ಸಂತತಿಯಲ್ಲಿ ಆಗಾಗ ತಲೆದೋರುವ ಸಣ್ಣಪುಟ್ಟ ವ್ಯತ್ಯಾಸಗಳಲ್ಲಿ ಆ ನೆಲಕ್ಕೆ ಹೊಂದಿದ್ದು ಉಳಿಯಿತು. ಕೆಲವು ಬರಿಯ ಆಕಸ್ಮಿಕವಾಗಿಯೂ ಉಳಿದವು. ದೂರದ ನೆಂಟರ ರಕ್ತ ಬೆರೆತು ಆ ವ್ಯತ್ಯಾಸಗಳನ್ನು ಅಳಿಸಿಹಾಕುವಂತಿರಲಿಲ್ಲ. ಹೀಗೆ ಸಾವಿರಾರು ತಲೆಮಾರು ಕಳೆದ ಮೇಲೆ ಅದು ಬೇರೆಯೇ ಹಕ್ಕಿಯಾಯಿತು. ಇಂದು ಅದು ಆ ನೆಂಟರಿಗಿಂತ ಗಾತ್ರದಲ್ಲಿ ಚಿಕ್ಕದು.

ಇದನ್ನು ಮಗಳಿಗೆ ತಿಳಿಸಲು ನಾನು ದೂರ ಹೋಗಬೇಕಾಗಲಿಲ್ಲ. ನಮ್ಮ ಮಕ್ಕಳು “ಲವಕರ ಬಾ, ಉಶೀರ ಆಯ್ತು” ಎನ್ನುತ್ತಾರೆ. ಧಾರವಾಡದ ಅಜ್ಜಿ ಕೇಳಿ ನಗುತ್ತಾಳೆ. ಆದರೂ ನಮ್ಮದು ಬೇರೆ ಭಾಷೆಯಾಗಿಲ್ಲ, ಏಕೆ? ಮೇ ತಿಂಗಳು ಬಂದೊಡನೆ ಗಂಟುಮೂಟೆ ಕಟ್ಟಿ ಊರಿಗೆ ಹೋಗುತ್ತೇವೆ. ಅಜ್ಜಿ ತಿದ್ದಿ ಕಳಿಸುತ್ತಾಳೆ. ನಾರ್ಕಂಡಮಿನ ಹಕ್ಕಿಗೆ ಮೇ ತಿಂಗಳ ರಜೆ ಇರಲಿಲ್ಲ, ಅಷ್ಟೆ. ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪವೂ ದ್ವೀಪವೇ ಸರಿ. ಆದರೆ ದಡದ ಕಾಗೆ ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ಮರಳಬಹುದಾದಲ್ಲಿ ಹೊಸ ಕಾಗೆ ಹುಟ್ಟುವುದೆಂತು? ಸುತ್ತ ನೀರಿದ್ದರೆ ಸಾಲದು, ದಾಟಲಾಗದ ದೂರ ಬೇಕು. ದೂರವಿದ್ದರೂ ಸಾಲದು, ಬೇಕಾದಷ್ಟು ಕಾಲ ಬೇಕು.

ಇನ್ನು ಕಾಸಿಗೆ ಬರೋಣ. ಇಲ್ಲಿಯ ನೆಲ ಮುರಕಲ್ಲು. ಕರಾವಳಿಯವರು ಮನೆ ಕಟ್ಟುವ ಅದೇ ಕೆಂಪುಕಲ್ಲು. ಅದರ ಮೇಲೆ ಮಣ್ಣು ಬೆರಳುದ್ದವೂ ಇಲ್ಲದ ಕಡೆಗಳಿವೆ. ಮಳೆಗಾಲದಲ್ಲಿ ಕೆಸರು, ಬೇಸಗೆಯಲ್ಲಿ ಕಾದ ಹೆಂಚು. ಮಣ್ಣಿನಲ್ಲಿ ಸತ್ವವೂ ಕಡಿಮೆ. ‘ಸೀತೆಯ ಕಣ್ಣೀರು’ ಎಂದು ಕರೆಯಿಸಿಕೊಳ್ಳುವ ಮುದ್ದಾದ ನೀಲಿ ಹೂವಿನ ಗಿಡ ಆ ಕೊರತೆಯನ್ನು ತುಂಬಿಕೊಳ್ಳಲು ಬೇರಿನೆಡೆಯ ಸಣ್ಣ ಚೀಲಗಳಲ್ಲಿ ಕ್ರಿಮಿಗಳನ್ನು ಹಿಡಿದು ಜೀರ್ಣಿಸಿಕೊಳ್ಳುತ್ತದೆ. (ಹೆಸರಿಟ್ಟವರಿಗೆ ಈ ಸಂಗತಿ ಗೊತ್ತಿರಲಿಲ್ಲವೆಂದು ತೋರುತ್ತದೆ!) ವಾಯ್‌ತುರಾ ನಾಲ್ಕು ತಿಂಗಳಲ್ಲಿ ಸಂಸಾರ ಮುಗಿಸಿ, ಉಳಿದ ಕಾಲ ಗೆಡ್ಡೆಯಾಗಿ ಮಲಗುತ್ತದೆ. ಇಂಥ ಬಾಳಿಗೆ ಒಗ್ಗಿದ ಗಿಡದ ಬೀಜ ಕೆಳಗಿನ ಕಣಿವೆಗೆ ಬಿದ್ದರೆ, ಅಲ್ಲಿಯ ಮರಗಳ ನೆರಳಿನಲ್ಲಿ ಅದಕ್ಕೆ ಎಡೆಯಿಲ್ಲ. ಎಂದಮೇಲೆ ಆ ಗಿಡದ ಪಾಲಿಗೆ ಕಾಡೇ ಕಡಲು. ಮರಾಠಿಯಲ್ಲಿ ‘ಸಡಾ’ ಎನ್ನುವ ಇಂಥ ಒಂದೊಂದು ಬಂಡೆನೆತ್ತಿಯೂ ಒಂದೊಂದು ನಡುಗಡ್ಡೆ.

ಇಂಥವು ನಮ್ಮ ನಾಡಿನಲ್ಲೂ ಇವೆ. ಮಣಿಪಾಲದ ಮುರಕಲ್ಲು ನೆಲದಲ್ಲಿ ಜನರ ಮನೆಗಳ ನಡುವೆಯೇ ಬಾಳುತ್ತಿದ್ದ ಒಂದು ಕಪ್ಪೆ ಹೊಸ ಜಾತಿಯೆಂದು 2016ರಲ್ಲಿ ಗೊತ್ತಾಯಿತು. ಉದ್ದ ಸುಮಾರು 1.6 ಸೆಂಟಿಮೀಟರು. ಕೂಗು ಥೇಟ್ ಜೀರುಂಡೆಯಂತೆ, ಯಾರು ಗಮನಿಸಿಯಾರು? ಕಲ್ಲಿನ ಹೆಸರನ್ನೇ ಅದಕ್ಕಿಟ್ಟು ಮೈಕ್ರೊಹೈಲಾ ಲ್ಯಾಟರೈಟ್ ಎಂದರು. ಕೊಡಗಿನ ಬ್ರಹ್ಮಗಿರಿಯ ಎತ್ತರದ ಕಾಡಿನಲ್ಲಿ ನಕ್ಕಂತೆ ಕೂಗುವ ಒಂದು ಹಕ್ಕಿಯಿದೆ. ಅದು ಬೆಚ್ಚನೆಯ ತಗ್ಗಿಗಿಳಿದು ಎದುರಿನ ಬೆಟ್ಟ ಹತ್ತುವ ಸಾಹಸ ಮಾಡದು. ಅದಕ್ಕೂ ನೀಲಗಿರಿಯ ನೆಂಟನಿಗೂ ವಂಶವೇ ಬೇರೆಯಾಗಿದೆ ಎಂಬುದನ್ನು 2017ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಒಂಟಿಯಾಗಿ ಬೆಳೆದವರಿಗೆ ಲೋಕದ ಕಪಟ ತಿಳಿಯದು. ಮಾರಿಷಸಿನ ಡೋಡೋ ಪಾರಿವಾಳದ ಕುಲದ್ದು. ಬೇಟೆಯಾಡುವ ಮೃಗಗಳಿಲ್ಲದ ದ್ವೀಪದಲ್ಲಿ ಹಾರುವುದನ್ನೇ ಬಿಟ್ಟುಕೊಟ್ಟಿತ್ತು. 1598ರಲ್ಲಿ ಡಚ್ಚರು ಬಂದರು. ಅವರೊಡನೆ ಹಂದಿ, ಇಲಿಗಳೂ ಬಂದವು. ನೂರು ವರ್ಷದೊಳಗೆ ಡೋಡೋ ಇಲ್ಲವಾಯಿತು. ನಾರ್ಕಂಡಮಿನಲ್ಲಿಯೂ ಕಾವಲಿನವರಿಗಾಗಿ ಒಯ್ದ ಮೇಕೆಗಳು ಹೆಚ್ಚಿ, ಮಂಗಟ್ಟೆಗೆ ಮುಂದೆ ಹಣ್ಣು ಕೊಡಬೇಕಾದ ಸಸಿಗಳನ್ನೇ ಮೇಯತೊಡಗಿದ್ದರಿಂದ ಅವನ್ನು ಅಲ್ಲಿಂದ ತೆಗೆಸಬೇಕಾಯಿತು.

ಮೇಕೆಯನ್ನು ದೂರಿ ಫಲವೇನು? ಕಾಸಿನಲ್ಲಿ ಮಕ್ಕಳ ಫೋಟೋ ತೆಗೆಯುವ ಸಂಭ್ರಮದಲ್ಲಿ ನಾನೇ ಕಾಲುದಾರಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಿದ್ದೆ. “ಅಹೋ ಸಾಹೇಬ, ಪಾಯ ಬಘಾ!” ಎಂದು ಕಾವಲುಗಾರ ಕೂಗಿದ. ನೋಡಿದರೆ ಚಪ್ಪಲಿಯ ಕೆಳಗೆ ಬೆರಳುದ್ದದ ಐದಾರು ಗಿಡಗಳು ನೆಲಕಚ್ಚಿದ್ದವು. ಮಗಳು ಅವನ್ನು ಒಂದೊಂದಾಗಿ ಎತ್ತಿ ನಿಲ್ಲಿಸಲು ನೋಡಿದಳು. ಎರಡು ನಿಂತವು. ಒಂದು ಗೆಡ್ಡೆಯನ್ನು ಮನೆಯ ಕುಂಡದಲ್ಲಿ ನೆಡೋಣವೆಂದು ಬೆಳಿಗ್ಗೆಯಿಂದ ಹಟ ಹಿಡಿದಿದ್ದವಳು ಆಮೇಲೆ ಆ ಮಾತೆತ್ತಲಿಲ್ಲ.

ಮುಂದಿನ ಹೂಗಾಲಕ್ಕೆ ಹೋಗಬೇಕೆನ್ನುವವರು ಚೀಟಿಯನ್ನು ಮೊದಲೇ ಕಾದಿರಿಸುವುದು ಲೇಸು. ನಮ್ಮಂತೆ ರವಿವಾರ ಹೋಗಿ ಜನಜಾತ್ರೆಯಲ್ಲಿ ಸಿಕ್ಕಿಕೊಳ್ಳಬೇಡಿರಿ. ಅಲ್ಲಿಯ ಕುಮುದಿನಿ ಕೊಳಕ್ಕೆ ಸ್ವಲ್ಪ ದೂರ ನಡೆಯಬೇಕು. ಮಳೆ ಹಿಡಿದು, ಮಕ್ಕಳು ದಣಿದು, ಅದನ್ನು ನೋಡುವುದು ನಮಗೆ ಆಗಲೇ ಇಲ್ಲ.