ಪುಣೆಯ ಧಣಿಗಳು, ಈವುಡ್ ಪಾರ್ಕಿನ ಕೋಳಿ

2012ರ ಮೇ 7. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಊರಿನ ಈವುಡ್ ಪಾರ್ಕ್ ಮೈದಾನದಲ್ಲಿ ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೆ ಒಂದು ಕೋಳಿ ಹುಲ್ಲಿನ ಮೇಲೆ ಓಡಾಡತೊಡಗಿತು. ಅದರ ಮೈಗೆ ತಂಡದ ಬಾವುಟ ಸುತ್ತಿದ್ದರು. ಯಾರೋ ಅಭಿಮಾನಿ ಕದ್ದು ಒಳಗೆ ತಂದು ಬಿಟ್ಟದ್ದು. ಆಟ ನಿಂತಿತು, ಕೋಳಿ ಹಿಡಿಯುವ ಪ್ರಹಸನ ನಡೆಯಿತು, ಮತ್ತೆ ಆಟ ಶುರುವಾಯಿತು. ಕೊನೆಗೆ 87ನೇ ನಿಮಿಷದಲ್ಲಿ ಎದುರಾಳಿ ವಿಗನ್ ತಂಡದವನೊಬ್ಬ ಕಾರ್ನರ್ ಕಿಕ್‌ನಲ್ಲಿ ಬಂದ ಚೆಂಡನ್ನು ಹೆಡ್ ಮಾಡಿ ಗೋಲಿಗೆ ಕಳಿಸಿದ. ಬ್ಲ್ಯಾಕ್‌ಬರ್ನ್ ರೋವರ್ಸ್ ಪ್ರೀಮಿಯರ್ ಲೀಗಿನಿಂದ ಕೆಳಗುರುಳಿತು. ಇವತ್ತಿಗೂ ಮೇಲೆ ಹತ್ತಿಲ್ಲ.

ಕೋಳಿಯೇ ಏಕೆ ಎಂದು ನಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಬೀದಿಯ ಸೂಪರ್‌ಮಾರ್ಕೆಟ್ಟಿನ ಫ್ರೀಜರ್ ಬಾಗಿಲು ತೆರೆದರೆ ಕಾಣುವ ವೆಂಕೀಸ್ ಪೊಟ್ಟಣದ ಹೆಸರೇ ಆ ಕ್ಲಬ್ಬಿನ ಮಾಲೀಕರ ಹೆಸರು. ಪುಣೆಯ ಈ ಕೋಳಿ ಉದ್ಯಮದ ಕುಟುಂಬ 2010ರ ನವೆಂಬರಿನಲ್ಲಿ ರೋವರ್ಸನ್ನು 2.3 ಕೋಟಿ ಪೌಂಡ್ ಕೊಟ್ಟು, ಮೇಲಿನ ಸಾಲವನ್ನೂ ಹೊತ್ತುಕೊಂಡು ಕೊಂಡಿತ್ತು. ವಿದೇಶಿ ಬಂಡವಾಳ ಎಂದೊಡನೆ ನಮಗೆ ಈಸ್ಟ್ ಇಂಡಿಯಾ ಕಂಪನಿ ನೆನಪಾಗುತ್ತದೆ. ಇಲ್ಲಿ ಪಾತ್ರಗಳು ಅದಲುಬದಲು. ಹೊರಗಿನವರು ನಾವೇ.

ಊರಿನ ಹಳೆಯ ಕಥೆ ಬಲ್ಲವರಿಗೆ ಇದರಲ್ಲಿ ಇನ್ನೊಂದು ಸುತ್ತೂ ಕಾಣುತ್ತದೆ. ಬ್ಲ್ಯಾಕ್‌ಬರ್ನ್ ಮಗ್ಗಗಳ ಊರು. ಅಲ್ಲಿನ ಮಿಲ್ಲುಗಳು ನಮಗಾಗಿಯೇ ಪಂಚೆ, ಧೋತರ ನೇಯುತ್ತಿದ್ದವು. ಅವು ಹಡಗು ಹತ್ತಿ ಬಂದು ನಮ್ಮ ಮುತ್ತಜ್ಜಂದಿರ ಸೊಂಟ ಸೇರುತ್ತಿದ್ದವು. ನಾವು ವಿದೇಶಿ ಬಟ್ಟೆ ಬೇಡವೆಂದಾಗ ಅಲ್ಲಿ ಒಲೆ ಆರಿತು. 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಪಕ್ಕದ ಡಾರ್ವೆನ್‌ಗೆ ಹೋಗಿ ಕೆಲಸ ಕಳೆದುಕೊಂಡ ಮಿಲ್ಲಿನವರ ಎದುರು ಕುಳಿತು ಮಾತಾಡಿದ್ದರು. ಮಿಲ್ಲುಗಳು ಒಂದೊಂದೇ ಹೋದವು, ಫುಟ್‌ಬಾಲ್ ಉಳಿಯಿತು. ಕೊನೆಗೆ ಅದನ್ನು ಕೊಳ್ಳಲು ಬಂದವರೂ ಭಾರತದವರೇ.

2010ರ ಆ ಚಳಿಗಾಲದಲ್ಲಿ ಅಭಿಮಾನಿಗಳ ಮನಸ್ಸಿನಲ್ಲಿ ಏನಿತ್ತು? ಅದಕ್ಕೆ ಜ್ಯಾಕ್ ವಾಕರ್ ಹೆಸರು ತೆಗೆಯದೆ ಗತಿಯಿಲ್ಲ. ಆ ಊರಲ್ಲೇ ಹುಟ್ಟಿ, ಉಕ್ಕಿನ ವ್ಯಾಪಾರದಲ್ಲಿ ದೊಡ್ಡವರಾಗಿ, ಕಂಪನಿಯನ್ನು 30 ಕೋಟಿ ಪೌಂಡಿಗೂ ಹೆಚ್ಚು ಬೆಲೆಗೆ ಮಾರಿ, ಬಂದ ದುಡ್ಡಲ್ಲಿ ಬಾಲ್ಯದ ತಂಡವನ್ನು ಕೊಂಡ ಮನುಷ್ಯ. ಕೆನ್ನಿ ಡಾಲ್ಗ್ಲಿಶ್ ಮ್ಯಾನೇಜರ್ ಆಗಿ ಬಂದರು, ಅಲನ್ ಶಿಯರರ್ ಬಂದ. 1994–95ರಲ್ಲಿ ಶಿಯರರ್ ಒಬ್ಬನೇ 34 ಗೋಲು ಹೊಡೆದ. ಲಕ್ಷ ಚಿಲ್ಲರೆ ಜನರ ಊರು ಇಂಗ್ಲೆಂಡಿನ ಚಾಂಪಿಯನ್ ಆಯಿತು. 81 ವರ್ಷಗಳ ನಂತರ. ವಾಕರ್ 2000ದಲ್ಲಿ ತೀರಿಕೊಂಡರು. ಕ್ಲಬ್ಬು ಅವರ ಕುಟುಂಬದ ಟ್ರಸ್ಟಿನ ಕೈಗೆ ಹೋಯಿತು. ಟ್ರಸ್ಟಿಗೆ ಲೆಕ್ಕ ಗೊತ್ತಿತ್ತು, ಹುಚ್ಚು ಇರಲಿಲ್ಲ. ಹಣದ ಹರಿವು ಸಣ್ಣದಾಗುತ್ತ ಬಂತು; ವರ್ಷ ವರ್ಷ ಒಳ್ಳೆಯ ಆಟಗಾರರನ್ನು ಮಾರಿ ಹೊಟ್ಟೆ ಹೊರೆಯುವ ಸ್ಥಿತಿ. ಮನೆಯನ್ನೇನೋ ಮಾರಬೇಕು, ಯಾರಿಗೆ ಎಂಬುದೊಂದೇ ಪ್ರಶ್ನೆ.

ಆಗ ತೂಗಿ ನೋಡಿದವರನ್ನು ಪೆದ್ದರೆಂದು ಈಗ ನಗುವುದು ಸುಲಭ. ನಾನು ನಗಲಾರೆ. ಎರಡು ವರ್ಷದ ಹಿಂದೆಯಷ್ಟೇ ಪಕ್ಕದ ಮ್ಯಾಂಚೆಸ್ಟರ್ ಸಿಟಿ ಅಬುಧಾಬಿಯ ಕೈಸೇರಿ ರಾತ್ರೋರಾತ್ರಿ ಶ್ರೀಮಂತವಾಗಿತ್ತು. ಅದನ್ನು ಕಣ್ಣಾರೆ ಕಂಡವರಿಗೆ, ನಮ್ಮ ಮನೆಗೂ ಅಂಥ ಲಕ್ಷ್ಮಿ ಬರಬಾರದೇ ಎನಿಸಿದರೆ ತಪ್ಪೇನು? ಹೊಸಬರು ಆಡಿದ ಮಾತೂ ಮಧುರವಾಗಿತ್ತು. ವಾಕರ್ ಪರಂಪರೆಯನ್ನು ಗೌರವಿಸುತ್ತೇವೆ ಎಂದರು. ರೊನಾಲ್ಡಿನೊನನ್ನೇ ಕರೆಸುವ ಸುದ್ದಿ ಹಬ್ಬಿತು. ಹೆಣ್ಣು ನೋಡಲು ಬಂದ ದಿನ ಯಾವ ಬೀಗರು ತಾನೇ ಜೋರು ಮಾತಾಡುತ್ತಾರೆ.

ತಿಂಗಳು ತುಂಬುವಷ್ಟರಲ್ಲಿ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್‌ರನ್ನು ಕೆಲಸದಿಂದ ತೆಗೆದರು. ಅವರ ಆಟ ನೋಡಲು ಚೆಂದವಿರಲಿಲ್ಲ, ಆದರೆ ತಂಡವನ್ನು ಮುಳುಗಗೊಡುತ್ತಿರಲಿಲ್ಲ. ಆ ಕುರ್ಚಿಗೆ ತರಬೇತುದಾರರ ಬಳಗದಲ್ಲಿದ್ದ ಸ್ಟೀವ್ ಕೀನ್ ಬಂದರು; ಮ್ಯಾನೇಜರ್ ಆಗಿ ಅವರಿಗೆ ಅದೇ ಮೊದಲ ಕೆಲಸ. 2011ರಲ್ಲಿ ಒಂದು ಜಾಹೀರಾತು ತಯಾರಾಯಿತು. ಅದರಲ್ಲಿ ರೋವರ್ಸ್ ಆಟಗಾರರು ಪಂದ್ಯಕ್ಕೆ ಮುಂಚೆ ಡ್ರೆಸ್ಸಿಂಗ್ ರೂಮಿನಲ್ಲಿ ಕೂತು ವೆಂಕೀಸ್ ಚಿಕನ್ ಕಾಲು ಕಡಿಯುತ್ತಾರೆ. ನೋಡಿದರೆ ನಗು ಬರುತ್ತದೆ; ಆ ಊರಿನವರ ಜಾಗದಲ್ಲಿ ನಿಂತು ನೋಡಿದರೆ ಬರುವುದಿಲ್ಲ. ಕೆಳದರ್ಜೆಗೆ ಬಿದ್ದ ಮೇಲಂತೂ ಒಂದೇ ಋತುವಿನಲ್ಲಿ ಕೀನ್ ಸೇರಿ ಮೂವರು ಮ್ಯಾನೇಜರ್‌ಗಳು ಕುರ್ಚಿ ಬಿಟ್ಟರು. ಹೆನಿಂಗ್ ಬರ್ಗ್ 57 ದಿನ ಇದ್ದರು, ಮೈಕೆಲ್ ಆಪಲ್ಟನ್ 67 ದಿನ. ನಮ್ಮಲ್ಲಿ ಬಾಡಿಗೆ ಮನೆಯ ಅಡ್ವಾನ್ಸ್ ವಾಪಸು ಪಡೆಯುವುದಕ್ಕೂ ಅದಕ್ಕಿಂತ ಹೆಚ್ಚು ದಿನ ಬೇಕು. 2017ರಲ್ಲಿ ತಂಡ ಇನ್ನೂ ಒಂದು ಮೆಟ್ಟಿಲು ಕೆಳಗಿಳಿದು ಮೂರನೇ ದರ್ಜೆಗೆ ಬಿತ್ತು. ಮರುವರ್ಷ ಹೇಗೋ ಎದ್ದು ಬಂತು.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲೂ ಭಾರವಿದೆ. ಇಷ್ಟು ವರ್ಷದಲ್ಲಿ ಆ ಕುಟುಂಬ ಕ್ಲಬ್ಬಿಗೆ ಸುರಿದದ್ದು 20 ಕೋಟಿ ಪೌಂಡಿಗೂ ಹೆಚ್ಚು. ಬಂದು ಲೂಟಿ ಹೊಡೆದು ಓಡಿಹೋದವರ ಲೆಕ್ಕಾಚಾರ ಹೀಗಿರುವುದಿಲ್ಲ. ಹೊರಗಿನವರು ಕೆಟ್ಟವರು, ಊರವರು ಒಳ್ಳೆಯವರು ಎನ್ನಲು ಹೊರಟರೆ ಪಕ್ಕದ ಬರಿ ಊರು ಅಡ್ಡ ಬರುತ್ತದೆ. 1885ರಲ್ಲಿ ಹುಟ್ಟಿದ ಬರಿ ಎಫ್‌ಸಿಯನ್ನು 2018ರ ಕೊನೆಗೆ ಒಬ್ಬ ಇಂಗ್ಲಿಷ್ ಉದ್ಯಮಿ ಕೇವಲ ಒಂದು ಪೌಂಡಿಗೆ ಕೊಂಡ. ಬಾಕಿ ತೀರಿಸಲು ಬೇಕಾದ ಹಣ ಇದೆಯೆಂದು ತೋರಿಸಲಾಗಲಿಲ್ಲ. 2019ರ ಆಗಸ್ಟಿನಲ್ಲಿ ಲೀಗ್ ಅದನ್ನು ಹೊರಹಾಕಿತು. ಬ್ಲ್ಯಾಕ್‌ಬರ್ನ್‌ನಲ್ಲಿ ‘ವೆಂಕೀಸ್ ಔಟ್’ ಎಂದು ಕೂಗುವವರ ಗಂಟಲಲ್ಲೂ ಈ ಹೆಸರು ಮುಳ್ಳಿನಂತೆ ಸಿಕ್ಕಿಕೊಂಡಿದೆ. ಇವರು ಹೋದ ಮರುದಿನ ಸಂಬಳ ಕೊಡುವವರು ಯಾರು?

ದೂರದ ದುಡ್ಡಿಗೆ ಅದರದೇ ತೊಡಕೂ ಇದೆ. ವೆಂಕೀಸ್ ಮಾಲೀಕರ ಮೇಲೆ ಜಾರಿ ನಿರ್ದೇಶನಾಲಯದ ತನಿಖೆ ಶುರುವಾದ ಮೇಲೆ ಭಾರತದಿಂದ ಕ್ಲಬ್ಬಿಗೆ ಹಣ ಕಳಿಸಲು ದೆಹಲಿ ಹೈಕೋರ್ಟಿನ ಅನುಮತಿ ಬೇಕಾಯಿತು. ಲ್ಯಾಂಕಾಶೈರಿನ ಪಬ್ಬಿನಲ್ಲಿ ಬಿಯರ್ ಮಗ್ಗು ಹಿಡಿದವರು ನಮ್ಮ ಹೈಕೋರ್ಟಿನ ವಿಚಾರಣೆ ಯಾವಾಗ ಎಂದು ಕಾಯುವುದನ್ನು ಕಲ್ಪಿಸಿಕೊಳ್ಳಿ. ನಮಗಾದರೆ ವಾಯಿದೆ ಮುಂದೆ ಹೋಗುವುದು ಹೊಸದಲ್ಲ. ಅವರಿಗೆ ಅದೊಂದು ಹೊಸ ಪಾಠ. ಆ ದಿನಗಳಲ್ಲೇ, 2024ರ ಆರಂಭದಲ್ಲಿ, ಆಡಮ್ ವಾರ್ಟನ್ ಎಂಬ ಹುಡುಗನನ್ನು ಕ್ರಿಸ್ಟಲ್ ಪ್ಯಾಲೆಸ್ಸಿಗೆ ಸುಮಾರು 1.8 ಕೋಟಿ ಪೌಂಡಿಗೆ ಮಾರಿದರು. ಅದೇ ಊರಲ್ಲಿ ಹುಟ್ಟಿ, ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದವನು. ಐದಾರು ತಿಂಗಳಲ್ಲಿ ಆತ ಯೂರೊ ಕಪ್ಪಿಗೆ ಹೊರಟ ಇಂಗ್ಲೆಂಡ್ ತಂಡದಲ್ಲಿದ್ದ.

ಇಷ್ಟೆಲ್ಲದರಲ್ಲಿ ಅಭಿಮಾನಿಗಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅವರ ತೂಕ, ಅಳತೆ ಎಲ್ಲ ಪಬ್ಬಿನ ಮೇಜಿನಲ್ಲೇ ಮುಗಿಯಿತು. ತೇರು ಎಳೆಯುವವರು ಊರವರು, ತೇರಿನ ಪತ್ರ ಮಾತ್ರ ಬೇರೆಯವರ ಹೆಸರಲ್ಲಿ. ನಿಜವಾಗಿ ಕೇಳಿದ ಉದಾಹರಣೆ ಬೇಕೆಂದರೆ ವೇಲ್ಸಿನ ರೆಕ್ಸ್‌ಹ್ಯಾಮ್‌ಗೆ ಹೋಗಬೇಕು. ಅಲ್ಲಿ 2011ರಿಂದ ಕ್ಲಬ್ಬು ಅಭಿಮಾನಿಗಳ ಟ್ರಸ್ಟಿನದೇ ಆಗಿತ್ತು. ತಂಡ ಐದನೇ ದರ್ಜೆಯಲ್ಲಿ ಕೊಳೆಯುತ್ತಿತ್ತು. 2020ರಲ್ಲಿ ರಯಾನ್ ರೆನಾಲ್ಡ್ಸ್, ರಾಬ್ ಮ್ಯಾಕೆಲ್ಹೆನಿ ಎಂಬ ನಟರಿಬ್ಬರು ಅಟ್ಲಾಂಟಿಕ್ ಆಚೆಯಿಂದ ಕೊಳ್ಳಲು ಬಂದಾಗ, ಟ್ರಸ್ಟಿನ ಸದಸ್ಯರ ಮುಂದೆ ಅವರು ತಮ್ಮ ಯೋಜನೆ ಇಡಬೇಕಾಯಿತು. ಪಕ್ಕದ ಚೆಸ್ಟರ್ ತಂಡವನ್ನು ಯಾವಾಗಲೂ ಸೋಲಿಸುತ್ತೇವೆ ಎಂಬ ಮಾತೂ ಅದರಲ್ಲಿತ್ತು. ಯಾರೋ ಊರಿನ ನಾಡಿ ಹಿಡಿದು ಬರೆದದ್ದು. ಮತ ಹಾಕಿದವರಲ್ಲಿ ಶೇ 98.6ರಷ್ಟು ಜನ ಹೂಂ ಎಂದರು. 2023, 2024, 2025ರಲ್ಲಿ ಸತತ ಮೂರು ಬಡ್ತಿ ಪಡೆದು ಆ ತಂಡ ಬ್ಲ್ಯಾಕ್‌ಬರ್ನ್ ಇರುವ ದರ್ಜೆಗೇ ಬಂದು ನಿಂತಿತು.

ಬ್ರಿಟನ್ ಈಗ ಕಾನೂನನ್ನೂ ಮಾಡಿದೆ. 2025ರ ಜುಲೈನಲ್ಲಿ ಅಂಗೀಕಾರವಾದ ಕಾಯ್ದೆಯಂತೆ ಫುಟ್‌ಬಾಲ್‌ಗೆ ಸ್ವತಂತ್ರ ನಿಯಂತ್ರಕರಿದ್ದಾರೆ. ಮಾಲೀಕರಾಗುವವರ ಯೋಗ್ಯತೆ, ಹಣದ ಮೂಲ ಜಾಲಾಡುವ ಅಧಿಕಾರ ಅವರಿಗಿದೆ. ಲಾಂಛನ, ಅಂಗಿಯ ಬಣ್ಣ ಬದಲಿಸುವ ಮುಂಚೆ ಅಭಿಮಾನಿಗಳನ್ನು ಕೇಳಬೇಕು. ಕ್ಲಬ್ಬನ್ನು ಮಾರುವ ಮುಂಚೆ ಕೇಳಬೇಕಿಲ್ಲ.

ಹಾಗಾಗಿ ಬ್ಲ್ಯಾಕ್‌ಬರ್ನ್‌ನವರು ಮತ್ತೆ ಪಬ್ಬಿನ ಮೇಜಿಗೇ ಬಂದಿದ್ದಾರೆ. ಇವರು ಹೋಗಲಿ ಎನ್ನುವವರಿಗೂ ಗೊತ್ತು, ಮುಂದೆ ಬರುವವರು ಅಮೆರಿಕದವರೋ ಕೊಲ್ಲಿಯವರೋ ಇರಬಹುದು. ಊರ ಮಿಲ್ಲಿನಿಂದ ಎದ್ದುಬರುವ ಕುಬೇರರ ಕಾಲ ಮುಗಿಯಿತು. ಈವುಡ್ ಪಾರ್ಕಿನ ಹೊರಗೆ ಜ್ಯಾಕ್ ವಾಕರ್ ಅವರ ಪ್ರತಿಮೆ ಇದೆ. ಅಷ್ಟಕ್ಕೂ ವಾಕರ್ ಕೂಡ ಸಿರಿವಂತರಾದ ಮೇಲೆ ಊರಲ್ಲಿರಲಿಲ್ಲ, ತೆರಿಗೆ ಹಗುರಾಗಿದ್ದ ಜರ್ಸಿ ದ್ವೀಪದಲ್ಲಿ ಮನೆ ಮಾಡಿದ್ದರು. ಅದನ್ನು ಯಾರೂ ಎತ್ತಿ ಆಡುವುದಿಲ್ಲ. ಪಂದ್ಯದ ದಿನ ಅವರು ಬರುತ್ತಿದ್ದರು. ತಂಡ ಕೆಟ್ಟದಾಗಿ ಸೋತ ಶನಿವಾರ ಯಾರನ್ನಾದರೂ ಬೈಯಬೇಕೆನಿಸಿದರೆ, ಡೈರೆಕ್ಟರ್‌ಗಳು ಕೂರುವ ಕಡೆ ಕತ್ತೆತ್ತಿ ನೋಡಿದರೆ ಸಾಕಾಗುತ್ತಿತ್ತು.