ಸಂಡೂರಿನ ಮತ: ಅಂತರ ಕುಸಿದದ್ದು ನಿಜ, ಆದ್ರೆ ಯಾಕೆ?

ಹೊಸಪೇಟೆಯಲ್ಲಿ ಒಗ್ಗರಣಿ-ಮಿರ್ಚಿ ಅಂಗಡಿ ಮುಂದೆ ನಿಂತ್ರೆ ಒಂದು ಮಾತು ಕೇಳ್ತೀರಿ: "ಸಂಡೂರು ಯಾವತ್ತೂ ಕಾಂಗ್ರೆಸ್ಸೇ ಬಿಡ್ರಿ." ಇದು ಎಷ್ಟು ನಿಜ? ಇವತ್ತು ಅದನ್ನೇ ನೋಡೋಣ.

ಮೊದಲು ಸ್ವಲ್ಪ ಇತಿಹಾಸ. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನ. 1949ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. ಹಾಗಾಗಿ 1952ರ ಮೊದಲ ಚುನಾವಣೆಯಲ್ಲಿ ಇಲ್ಲಿನವರು ವೋಟು ಹಾಕಿದ್ದು ಮದ್ರಾಸ್ ವಿಧಾನಸಭೆಗೆ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ಕ್ಕೆ. ಆಮೇಲೆ ಅದೇ ಮನೆತನದ ಎಂ.ವೈ. ಘೋರ್ಪಡೆ ಇಲ್ಲಿಂದ ಗೆದ್ದು, ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಸಚಿವರಾದರು.

"ಯಾವತ್ತೂ ಕಾಂಗ್ರೆಸ್" ಅನ್ನೋದು ಪೂರ್ತಿ ಸರಿಯಲ್ಲ. 2004ರಲ್ಲಿ ಸಂತೋಷ್ ಲಾಡ್ ಗೆದ್ದದ್ದು ಜೆಡಿಎಸ್‌ನಿಂದ. 2008ರಲ್ಲಿ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಯ್ತು. ಲಾಡ್ ಕಲಘಟಗಿಗೆ ಹೋದರು. ಸಂಡೂರಿನಲ್ಲಿ ಕಾಂಗ್ರೆಸ್ಸಿನ ಇ. ತುಕಾರಾಂ 2008, 2013, 2018, 2023 — ನಾಲ್ಕು ಸಲ ಗೆದ್ದರು. ಸರಿಯಾದ ಮಾತು ಏನಂದ್ರೆ, ಬಿಜೆಪಿ ಇಲ್ಲಿ ಒಮ್ಮೆಯೂ ಗೆದ್ದಿಲ್ಲ.

ಅಕ್ಕಪಕ್ಕ ನೋಡಿ. ಕಂಪ್ಲಿಯಲ್ಲಿ ಟಿ.ಎಚ್. ಸುರೇಶ್‌ಬಾಬು 2008ರಲ್ಲಿ ಬಿಜೆಪಿಯಿಂದ, 2013ರಲ್ಲಿ ಬಿಎಸ್‌ಆರ್ ಕಾಂಗ್ರೆಸ್‌ನಿಂದ ಗೆದ್ದರು. ಹೊಸಪೇಟೆ ಇರುವ ವಿಜಯನಗರ ಕ್ಷೇತ್ರದಲ್ಲಿ ಆನಂದ್ ಸಿಂಗ್ ಬಿಜೆಪಿ, ಕಾಂಗ್ರೆಸ್, ಮತ್ತೆ ಬಿಜೆಪಿ ಅಂತ ಪಕ್ಷ ಬದಲಿಸಿದರೂ ಗೆದ್ದರು. ಅಂದ್ರೆ ಅಲ್ಲಿ ವೋಟು ಪಕ್ಷಕ್ಕಿಂತ ವ್ಯಕ್ತಿಯ ಹಿಂದೆ ಹೋಗಿದೆ. ಇವೆಲ್ಲ ಸೇರುವ ಬಳ್ಳಾರಿ ಲೋಕಸಭಾ ಕ್ಷೇತ್ರದ ಕಥೆಯೂ ಬೇರೆ: 1999ರಲ್ಲಿ ಸೋನಿಯಾ ಗಾಂಧಿ ಇಲ್ಲಿ ಸುಷ್ಮಾ ಸ್ವರಾಜ್ ವಿರುದ್ಧ ಗೆದ್ದರು. 2004ರಿಂದ 2019ರ ತನಕ ನಡೆದ ನಾಲ್ಕೂ ಸಾರ್ವತ್ರಿಕ ಚುನಾವಣೆ ಬಿಜೆಪಿ ಪಾಲಾದವು. 2018ರ ಉಪಚುನಾವಣೆ ಮಾತ್ರ ಕಾಂಗ್ರೆಸ್ಸಿಗೆ.

ಈಗ ಅಸಲಿ ವಿಷಯ. 2024ರಲ್ಲಿ ತುಕಾರಾಂ ಸಂಸದರಾದರು. ನವೆಂಬರ್ 13ರ ಉಪಚುನಾವಣೆಯಲ್ಲಿ ಅವರ ಪತ್ನಿ ಇ. ಅನ್ನಪೂರ್ಣ 93,616 ಮತ ಪಡೆದರು. ಬಿಜೆಪಿಯ ಬಂಗಾರು ಹನುಮಂತು 83,967. ಅಂತರ 9,649. ಹಿಂದಿನ ವರ್ಷದ ಅಂತರ 35 ಸಾವಿರ ದಾಟಿತ್ತು. "ಕೋಟೆ ಬಿರುಕು ಬಿಡ್ತು" ಅಂತ ಅನ್ನಿಸೋದು ಸಹಜ.

ಆದ್ರೆ ಲೆಕ್ಕ ತೆಗೀರಿ. 2023ರಲ್ಲಿ ಕಾಂಗ್ರೆಸ್ಸಿಗೆ ಸುಮಾರು 85 ಸಾವಿರ ಮತ. ಬಿಜೆಪಿಗೆ ಸುಮಾರು 50 ಸಾವಿರ, ಜನಾರ್ದನ ರೆಡ್ಡಿಯವರ ಕೆಆರ್‌ಪಿಪಿಗೆ ಸುಮಾರು 31 ಸಾವಿರ. ಆ ಎರಡನ್ನೂ ಕೂಡಿಸಿದ್ರೆ 81 ಸಾವಿರ. 2024ರ ಮಾರ್ಚ್‌ನಲ್ಲಿ ಆ ಪಕ್ಷ ಬಿಜೆಪಿಯಲ್ಲೇ ವಿಲೀನ ಆಯ್ತು. ಅಂದ್ರೆ ಕಾಂಗ್ರೆಸ್ ಮತ ಇಳಿದಿಲ್ಲ, ಎಂಟು ಸಾವಿರ ಏರಿದೆ. ಎದುರಿನ ಮತ ಒಡೆಯೋದು ನಿಂತಿದೆ, ಅಷ್ಟೇ. ಅದೇ ಜನ ಅದೇ ಕಡೆ ಹಾಕಿದರು ಅಂತ ಈ ಲೆಕ್ಕ ಸಾಬೀತು ಮಾಡಲ್ಲ. ಆದ್ರೆ ಅಂತರ ಒಂದನ್ನೇ ನೋಡಿದ್ರೆ ದಾರಿ ತಪ್ತೀವಿ.

ಇದು ಯಾಕೆ ಮುಖ್ಯ? ಒಬ್ಬರು "ಇದು ನಮ್ಮ ಕೋಟೆ" ಅಂತ ನಿಶ್ಚಿಂತೆಯಾಗಿರ್ತಾರೆ, ಇನ್ನೊಬ್ಬರು "ಇಲ್ಲಿ ನಾವು ಗೆಲ್ಲಲ್ಲ" ಅಂತ ಕೈಬಿಡ್ತಾರೆ. ನಡುವೆ ಅದಿರು ಲಾರಿಯ ಕೆಂಪು ಧೂಳು ಕುಡಿಯೋ ಹಳ್ಳಿಯ ಪ್ರಶ್ನೆ ಹಾಗೇ ಉಳಿಯುತ್ತೆ. ಹತ್ತು ಸಾವಿರದೊಳಗಿನ ಅಂತರ ಅಂದ್ರೆ ಇಬ್ಬರೂ ನಿಮ್ಮ ಮನೆ ಬಾಗಿಲಿಗೆ ಬರಲೇಬೇಕು.

ನಿಮ್ಮ ಬೂತ್‌ನಲ್ಲಿ ಯಾರಿಗೆ ಎಷ್ಟು ಅಂತ ಫಾರ್ಮ್ 20ರಲ್ಲಿ ಇರುತ್ತೆ. ಚುನಾವಣಾಧಿಕಾರಿಗಳ ವೆಬ್‌ಸೈಟ್‌ನಲ್ಲಿ ಹುಡುಕಿ. ಮುಂದಿನ ಸಲ ಓಟು ಕೇಳೋಕೆ ಬಂದವರ ಮುಂದೆ ಆ ಹಾಳೆ ಇಟ್ಟು ಮಾತಾಡಿ. ಸಿಗೋಣ.